ಕಸ್ತೂರೆವ್ವನ ಸೀಟು ನಾಲ್ಕು ಬೆರಳು ಏರಿದ್ದು

ಗ್ರಂಥಾಲಯದ ಸುವರ್ಣಾ ಅಕ್ಕಾ, ನನ್ನ ಅಕ್ಷರ ನೋಡಿ ಬೇಸರ ಮಾಡಿಕೊಳ್ಳಬೇಡಿ. ಗೆರೆ ಇರುವ ಹಾಳೆಯಲ್ಲಿ ಬರೆದರೂ ಅವು ಕೆಳಗೆ ಜಾರುತ್ತವೆ. ಒತ್ತಕ್ಷರ ಬರಬೇಕಾದ ಕಡೆ ಪೆನ್ನು ನಿಂತುಬಿಡುತ್ತದೆ. ಆಗ ನಾನು ಸುಲಭದ ಬೇರೆ ಶಬ್ದ ಹುಡುಕುತ್ತೇನೆ. ಒಂಬತ್ತನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟವಳು ನಾನು. ಇದನ್ನು ಮೂರು ಸಲ ಬರೆದು ತಿದ್ದಿದ್ದೇನೆ. ಇದು ನಾಲ್ಕನೇ ಸಲ ಚೊಕ್ಕ ಮಾಡಿ ಬರೆದದ್ದು. ಆದರೂ ತಪ್ಪು ಉಳಿದಿದ್ದರೆ ಓದುವವರು ಕ್ಷಮಿಸಬೇಕು.

ಊರಿನ ಯಾರಾದರೂ ಒಬ್ಬರ ಬಗ್ಗೆ ಬರೆದು ಕೊಡಿರಿ, ಎಲ್ಲ ಹಾಳೆ ಸೇರಿಸಿ ಹೊಲಿದು ಗ್ರಂಥಾಲಯದಲ್ಲಿ ಇಡೋಣ ಎಂದು ನೀವು ಹೇಳಿದಿರಿ. ಬೇರೆಯವರು ನಿವೃತ್ತ ಮಾಸ್ತರರ ಬಗ್ಗೆ, ಪಂಚಾಯಿತಿ ಅಧ್ಯಕ್ಷರ ಬಗ್ಗೆ ಬರೆದಿದ್ದಾರೆ. ನಾನು ತೋಟದ ವಸ್ತಿಯ ಕಸ್ತೂರೆವ್ವ ಕಾಕು ಬಗ್ಗೆ ಬರೆಯುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಎಲ್ಲಾ ಬರಿಯವಾ, ಏನೂ ಬಿಡಬ್ಯಾಡ. ಗಂಡಸ್ರಿಗೆ ನಾಚಿಕಿ ಬಂದ್ರ ಕಣ್ಣು ಮುಚ್ಕೊಂಡು ಓದ್ಲಿ" ಎಂದರು.

ಕಾಕುಗೆ ಈಗ ನಲವತ್ತಾರು ವರ್ಷ. ಎತ್ತರದ ಹೆಂಗಸು, ಕೈಕಾಲು ಉದ್ದ. ಗಂಡ ಶ್ರೀಶೈಲಪ್ಪ ಸೊಲ್ಲಾಪುರದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಇದ್ದಾರೆ, ಅಮಾಸಿಗೊಮ್ಮೆ ಬರುತ್ತಾರೆ. ಒಬ್ಬಳೇ ಮಗಳನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದಾರೆ. ಹೀಗಾಗಿ ವಸ್ತಿಯ ಮನೆಯಲ್ಲಿ ಹೆಚ್ಚಿನ ದಿನ ಕಾಕು ಒಬ್ಬರೇ. ಅವರ ಕೆಲಸ ಖಡಕ್ ರೊಟ್ಟಿ ಬಡಿಯುವುದು. ಮಧ್ಯಾಹ್ನ ಕೂತರೆ ಸಂಜೆವರೆಗೆ ನೂರಿಪ್ಪತ್ತು ರೊಟ್ಟಿ. ಮರುದಿನ ಬೆಳಿಗ್ಗೆ ಅವನ್ನು ಹಳೇ ಧೋತರದಲ್ಲಿ ಕಟ್ಟಿ, ಸೈಕಲ್ಲಿನ ಮೇಲೆ ಇಂಡಿ ಪೇಟೆಗೆ ಒಯ್ಯುತ್ತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಸಂಗಮೇಶ ಎನ್ನುವವರ ಖಾನಾವಳಿ ಇದೆ, ಅಲ್ಲಿಗೆ. ನಮ್ಮೂರಿನಿಂದ ಇಂಡಿ ಒಂಬತ್ತು ಕಿಲೋಮೀಟರ್. ವಸ್ತಿಯಿಂದ ಇನ್ನೂ ಎರಡು ಹೆಚ್ಚು. ಹೆಂಗಸರಿಗೆ ಬಸ್ಸು ಪುಕ್ಕಟೆ ಇದೆ, ಬಸ್ಸಿಗೇ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಆ ಗದ್ದಲದಲ್ಲಿ ಖಡಕ್ ರೊಟ್ಟಿ ಇಂಡಿ ಮುಟ್ಟುವಷ್ಟರಲ್ಲಿ ಹುಡಿಯಾಗಿರುತ್ತದೆ.

ಅವರು ಸೈಕಲ್ ಕಲಿತದ್ದು ಹಳೇ ಕೊಲ್ಹಾರದಲ್ಲಿ. ಅದು ಅವರ ತವರು, ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಊರು ಖಾಲಿ ಮಾಡುವ ದಿನಗಳಲ್ಲಿ ಓಣಿಯ ಅರ್ಧ ಮನೆಗಳ ಬಾಗಿಲು ಚೌಕಟ್ಟನ್ನೂ ಕಿತ್ತು ಒಯ್ದಿದ್ದರಂತೆ. ನೋಡುವವರು ಯಾರೂ ಉಳಿದಿರಲಿಲ್ಲ. ಹೆಣ್ಣುಮಗಳು ಸೈಕಲ್ ಹತ್ತಿದಳೆಂದು ಆಡಿಕೊಳ್ಳುವವರೂ ಇರಲಿಲ್ಲ. ಅಣ್ಣನ ಸೈಕಲ್ ತೆಗೆದುಕೊಂಡು ಆ ಖಾಲಿ ಓಣಿಯಲ್ಲಿ ನಾಲ್ಕು ದಿನದಲ್ಲಿ ಕಲಿತರಂತೆ. ಊರು ಮುಳುಗಿದಾಗ ಏನನ್ನಿಸಿತು ಎಂದು ನಾನು ಕೇಳಿದೆ, ಬರೆಯಲಿಕ್ಕೆ ಬೇಕು ಎಂದು.

"ಏನೂ ಅನ್ಸಲಿಲ್ಲ," ಎಂದರು. ಆಮೇಲೆ, "ಸೈಕಲ್ ಹೊಡಿಯಾಕ ಬಂತಲ್ಲ ಅನ್ಸಿತು," ಎಂದರು. ಅಷ್ಟೇ ಹೇಳಿದರು, ನಾನು ಅಷ್ಟೇ ಬರೆದಿದ್ದೇನೆ.

ಇನ್ನು ನಮ್ಮ ಅಂಗಡಿಯ ವಿಷಯ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಅಬ್ಬಾ ದಿಲಾವರ ಮಿಸ್ತ್ರಿ. ಊರ ನಾಕಾದಲ್ಲಿ ಸೈಕಲ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀಟಿನ ಕವರು ಹೊಲಿಯುತ್ತೇನೆ. ಅಲ್ಲಿಂದ ನನಗೆ ಎಲ್ಲ ಕೇಳಿಸುತ್ತದೆ, ನಾನು ಹೆಚ್ಚಿಗೆ ಯಾರಿಗೂ ಕಾಣುವುದಿಲ್ಲ. ನನಗೆ ಅದೇ ಸರಿ.

ಸೀಟಿನ ಎತ್ತರ ಹಿಡಿಯಲಿಕ್ಕೆ ಅಬ್ಬಾ ಟೇಪು ಹಿಡಿಯುವುದಿಲ್ಲ. ಗಂಡಸರಿಗೆ ಬಗಲಳತೆ. ಸೈಕಲ್ಲಿನ ಪಕ್ಕ ನಿಂತು ಬೆರಳತುದಿಯನ್ನು ಪೆಡಲ್ಲುಗಳ ನಡುವಿನ ಅಚ್ಚಿಗೆ ಹಚ್ಚಬೇಕು, ಕೈ ನೆಟ್ಟಗೆ ಚಾಚಬೇಕು. ಆಗ ಸೀಟು ಬಗಲಿಗೆ ಬಂದು ತಾಕಿದರೆ ಅದು ಅವನ ಎತ್ತರ. ಕೈ ಉದ್ದ ಇದ್ದವನ ಕಾಲೂ ಉದ್ದ ಇರುತ್ತದೆ ಎನ್ನುವುದು ಅದರ ಲೆಕ್ಕ. ಆದರೆ ಹೆಣ್ಣುಮಕ್ಕಳನ್ನು ನಾಕಾದಲ್ಲಿ ನಿಲ್ಲಿಸಿ, ಕೈ ಎತ್ತಿಸಿ ಬಗಲು ನೋಡಲಿಕ್ಕೆ ಬರುವುದಿಲ್ಲ. ಅದಕ್ಕೆ ಅಬ್ಬಾ ಹೆಣ್ಣುಮಕ್ಕಳಿಗೆ ಬೇರೆ ಅಳತೆ ಮಾಡಿಕೊಂಡಿದ್ದರು. ಸೀಟಿನ ಪೈಪಿನ ಮೇಲೆ ಕೆಂಪು ಬಣ್ಣದ ಗೆರೆ. ಯಾವ ಹೆಣ್ಣುಮಗಳು ಬಂದರೂ ಸೀಟು ಆ ಗೆರೆಯ ತನಕ ಇಳಿಯಬೇಕು, ಎರಡೂ ಪಾದ ಪೂರ್ತಿ ನೆಲಕ್ಕೆ ಹತ್ತಬೇಕು. ಸೀಟಿನ ಮೂಗು, ಅಂದರೆ ಮುಂದಿನ ಚೂಪು ತುದಿ, ಸ್ವಲ್ಪ ಮೇಲಕ್ಕೆ ಇರಬೇಕು, ಸೀರೆ ಉಟ್ಟವರು ಮುಂದಕ್ಕೆ ಜಾರಬಾರದು ಎಂದು. ಇದಕ್ಕೆ ಅವರು ಹೆಣ್ಣಳತಿ ಎನ್ನುತ್ತಿದ್ದರು. ಯಾರೂ ಬೀಳಬಾರದು ಎನ್ನುವುದೇ ಅವರ ಮನಸ್ಸಿನಲ್ಲಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರು ಅಳತೆ ಹಿಡಿದ ಹೆಣ್ಣುಮಕ್ಕಳು ಯಾರೂ ಬಿದ್ದಿಲ್ಲ, ಅದು ಖರೆ.

ಹೋದ ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ಕಸ್ತೂರೆವ್ವ ಕಾಕು ಅಂಗಡಿ ಮುಂದೆ ಇಳಿದರು.

"ಅಣ್ಣಾ, ಸೊಂಟ ಹಿಡೀತೈತಿ. ಸೀಟ ಒಂದೀಟು ನೋಡ್ರಿ."

"ಎತ್ತರ ಆಗೇತೇನೋ," ಎಂದು ಅಬ್ಬಾ ಬೋಲ್ಟಿಗೆ ಪಾನಾ ಹಾಕಿ ಸೀಟನ್ನು ಒಂದು ಬೆರಳು ಇಳಿಸಿದರು.

ಹದಿನೈದು ದಿನದ ಮೇಲೆ ಮತ್ತೆ ಬಂದರು. "ಸೊಂಟ ಹಂಗs ಐತ್ರಿ ಅಣ್ಣಾ."

"ಭಾರ ಹೊತ್ಕೊಂಡು ಹೋಗ್ತೀ ತಂಗೀ, ಮೈ ಏನ ಕಬ್ಬಿಣ ಐತೇನ, ಹೆಣ್ಣಮಗಳು," ಎಂದು ಇನ್ನೊಂದು ಬೆರಳು ಇಳಿಸಿದರು. ಸೀಟಿನ ಹಿಂದಿನ ಸ್ಪ್ರಿಂಗು ಆ ವರ್ಷ ಕುಸಿದಿತ್ತು. ಅದರಿಂದ ಸೀಟಿನ ಮೂಗು ಇನ್ನಷ್ಟು ಮೇಲೆದ್ದಿತ್ತು. ಮೆತ್ತಗಾಗಲಿ ಎಂದು ನನ್ನ ಕೈಯಿಂದಲೇ ಒಂದು ದಪ್ಪ ಕವರು ಹೊಲಿಸಿ ಹಾಕಿದರು. ಸಂಕ್ರಾಂತಿಗೆ ಮೂರನೇ ಸಲ ಬಂದಾಗ ಸೀಟು ಇನ್ನೂ ಕೆಳಗೆ ಇಳಿಯಲಿಕ್ಕೆ ಜಾಗವೇ ಇರಲಿಲ್ಲ. ಅಬ್ಬಾ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳಲು ಹೇಳಿ ಕಳಿಸಿದರು.

ನಾನು ಒಳಗೆ ಕೂತು ಮೂರೂ ಸಲ ಕೇಳಿದೆ. ಏನೂ ಹೇಳಲಿಲ್ಲ.

ಸಂಕ್ರಾಂತಿ ಆದ ವಾರದಲ್ಲಿ ಕಾಕುನ ಬಲಗೈ ಕಿರುಬೆರಳು ಸುಟ್ಟಿತು. ಕಾದ ಹಂಚಿಗೆ ಬೆರಳು ಹತ್ತಿಕೊಂಡಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ವಾಸನೆ ಬಂದ ಮೇಲೆ ನೋಡಿದರಂತೆ. ಕಿರುಬೆರಳು ಮತ್ತು ಉಂಗುರದ ಬೆರಳು, ಎರಡೂ ಕೈಯಲ್ಲಿ ಜೋಮು ಹಿಡಿದಿದ್ದವು. ಬಲಗೈಯಲ್ಲಿ ಹೆಚ್ಚು. ಇಂಡಿಯ ಡಾಕ್ಟರು ನರದ ಗುಳಿಗೆ ಕೊಟ್ಟು, ರೊಟ್ಟಿ ಬಡಿದು ಬಡಿದು ಹೀಗಾಗಿದೆ, ಬಡಿಯುವುದನ್ನು ಬಿಡಬೇಕು ಎಂದರಂತೆ. ವಸ್ತಿಯ ಹೆಂಗಸರೂ ಅದನ್ನೇ ಹೇಳಿದರು.

ರೊಟ್ಟಿ ಬಡಿಯುವಾಗ ಅಂಚು ತಿರುಗಿಸುವುದು ಇದೇ ಎರಡು ಬೆರಳು. ಅಂಗೈ ಹಿಟ್ಟನ್ನು ಅಗಲ ಮಾಡುತ್ತದೆ, ಇವು ಅಂಚನ್ನು ಸರಿ ಹಿಡಿಯುತ್ತವೆ. ಅವಕ್ಕೆ ತಿಳಿಯದಿದ್ದರೆ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ದಪ್ಪ ಇದ್ದಲ್ಲಿ ಹಸಿ ಉಳಿಯುತ್ತದೆ, ಹರಕು ಇದ್ದಲ್ಲಿ ಒಡೆಯುತ್ತದೆ. ಯುಗಾದಿಯ ಸುಮಾರಿಗೆ ಖಾನಾವಳಿಯ ಸಂಗಮೇಶಣ್ಣ ಗಿರಾಕಿಗಳ ಮುಂದೆಯೇ ಒಂದು ರೊಟ್ಟಿ ಎತ್ತಿ ಹಿಡಿದರಂತೆ.

"ಕಾಕು, ಇದು ರೊಟ್ಟಿನೋ ಆಲಮಟ್ಟಿ ಹಿನ್ನೀರಿನ ನಕಾಶಿನೋ?"

ಎಲ್ಲರೂ ನಕ್ಕರು. ಕಾಕು ಧೋತರ ಮಡಚಿಕೊಂಡು ನಿಂತರು. ಆಮೇಲೆ ಸಂಗಮೇಶಣ್ಣ ಮೆತ್ತಗೆ ಹೇಳಿದರಂತೆ, "ಹನ್ನೊಂದು ವರ್ಷ ನಿಮ್ಮ ರೊಟ್ಟಿ ತಿನಿಸೇನಿ ಕಾಕು, ಬ್ಯಾಡ ಅನ್ನಾಕ ಬಾಯಿ ಬರವಲ್ದು. ಆದ್ರ ಗಿರಾಕಿ ಬೈತಾರ. ಸಿಂದಗಿಯೊಳಗ ಒಬ್ಬಾಂವ ಮಷೀನ್ ರೊಟ್ಟಿ ಮಾಡ್ತಾನ. ಕಾರಹುಣ್ಣಿವಿ ತನಕ ನೋಡ್ತೇನಿ. ಸರಿ ಆಗಲಿಲ್ಲಂದ್ರ ಅವಂಗ ಹೇಳ್ತೇನಿ."

ಇಷ್ಟನ್ನೂ ಕಾಕು ಮರುದಿನ ನಮ್ಮ ಅಂಗಡಿ ಮುಂದೆ ಗಾಳಿ ಹೊಡೆಸಿಕೊಳ್ಳುತ್ತ ಹೇಳಿದರು. ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದರು. ಹೇಳಿ ಸೈಕಲ್ ಹತ್ತಿ ಹೋದರು.

ಆ ದಿನ ನಾನು ಬಾಗಿಲಿಗೆ ಬಂದು ಅವರು ಹೋಗುವುದನ್ನು ನೋಡಿದೆ. ಎರಡೂ ಕೈ ಕೋಲಿನ ಹಾಗೆ ನೆಟ್ಟಗೆ ಇದ್ದವು. ಮೈಯ ಭಾರವೆಲ್ಲ ಹ್ಯಾಂಡಲ್ಲಿನ ಮೇಲೆ ಹಾಕಿದ್ದರು. ಪ್ರತಿ ನಾಲ್ಕು ತುಳಿತಕ್ಕೆ ಒಮ್ಮೆ ಸೀಟಿನಿಂದ ಸ್ವಲ್ಪ ಮೇಲೆದ್ದು ಮತ್ತೆ ಕೂತರು. ರಸ್ತೆ ತಿರುಗುವವರೆಗೂ ಹಾಗೇ ಮಾಡಿದರು.

ಅದನ್ನು ಮಾಡುವುದು ಯಾಕೆ ಎಂದು ನನಗೆ ಗೊತ್ತಿತ್ತು. ನಾನೂ ಎರಡು ವರ್ಷ ಅದೇ ರಸ್ತೆಯಲ್ಲಿ ಹಾಗೇ ಹೋಗಿದ್ದೆ.

ಇಲ್ಲಿ ನನ್ನದೂ ಸ್ವಲ್ಪ ಬರೆಯಬೇಕಾಗಿದೆ. ನನ್ನ ಶಾಲೆ ಇಂಡಿಯಲ್ಲಿತ್ತು. ಎಂಟನೇ ಇಯತ್ತೆಗೆ ಅಬ್ಬಾ ನನಗೆ ಸೈಕಲ್ ಜೋಡಿಸಿ ಕೊಟ್ಟರು, ಕೆಂಪು ಗೆರೆಗೆ ಸೀಟು ಇಳಿಸಿ. ಮೊದಲು ಮೊಣಕಾಲಿಗೆ ನೋವಾಯಿತು. ಆಮೇಲೆ ಸೀಟಿನ ಮೂಗು ಒತ್ತುವ ಜಾಗಕ್ಕೆ ನೋವಾಯಿತು. ಆಮೇಲೆ ಅಲ್ಲಿ ಜೋಮು ಹಿಡಿಯಿತು, ಸೈಕಲ್ ಇಳಿದು ಮೊದಲನೇ ತಾಸು ಮುಗಿದರೂ ಅಲ್ಲಿ ಏನೂ ಇಲ್ಲ ಎನ್ನುವ ಹಾಗೆ ಇರುತ್ತಿತ್ತು. ಜೋಮು ಬಿಟ್ಟಾಗ ಉರಿ. ತಿಂಗಳ ದಿನಗಳಲ್ಲಿ ಚರ್ಮ ಕಿತ್ತು ಹೋಗಿತ್ತು. ಅದನ್ನು ಅಬ್ಬಾಗೆ ಹೇಗೆ ಹೇಳುವುದು? ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ, ಆ ಜಾಗಕ್ಕೆ ಗಂಡಸರ ಮುಂದೆ ಹೇಳುವಂಥ ಶಬ್ದ ಒಂದೇ ಇದೆ. ಸೊಂಟ. ಬೆನ್ನಿನ ಕೆಳಗಿನಿಂದ ತೊಡೆಯ ಮೇಲಿನ ತನಕ ಎಲ್ಲಿ ನೋವಾದರೂ ಹೆಣ್ಣುಮಕ್ಕಳು ಸೊಂಟ ಎನ್ನುತ್ತಾರೆ. ಹೆಣ್ಣುಮಕ್ಕಳಿಗೆ ಅದು ತಿಳಿಯುತ್ತದೆ. ಗಂಡಸರು ಅದನ್ನು ಸೊಂಟ ಎಂದೇ ತಿಳಿಯುತ್ತಾರೆ.

ನಾನೂ ಸೊಂಟ ಎಂದೆ. ಅಬ್ಬಾ ಸೀಟು ಒಂದು ಬೆರಳು ಇಳಿಸಿದರು. ಎರಡನೇ ಸಲವೂ ಹೇಳಿದೆ. ಮತ್ತೆ ಇಳಿಸಿದರು. ಮೂರನೇ ಸಲ ನಾನು ಸೊಂಟ ಎನ್ನಲಿಲ್ಲ, ಗಣಿತ ತಿಳಿಯುವುದಿಲ್ಲ, ಶಾಲೆ ಬಿಡುತ್ತೇನೆ ಎಂದೆ. ಮಾಸ್ತರರು ಮನೆಗೆ ಬಂದು, ಈ ಹುಡುಗಿಗೆ ಗಣಿತದಲ್ಲಿ ಎಪ್ಪತ್ತೆರಡು ಬಂದಿದೆಯಲ್ಲ ಎಂದು ಕೇಳಿದರು. ನಾನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹೆಸರು ತೆಗೆಸಿದ ದಿನ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಕವರು ಹೊಲಿಯಲು ಕೂತೆ.

ಕಾಕು ಹೋಗುವುದನ್ನು ನೋಡಿದ ಮೇಲೆ ನನಗೆ ಎರಡು ದಿನ ಹೊಲಿಗೆ ಸರಿ ಬೀಳಲಿಲ್ಲ. ಅವರ ಬೆರಳಿಗೆ ಜೋಮು ಹಿಡಿದದ್ದು ರೊಟ್ಟಿಯಿಂದ ಅಲ್ಲ, ಹ್ಯಾಂಡಲ್ಲಿನಿಂದ. ಹ್ಯಾಂಡಲ್ಲಿನ ಮೇಲೆ ಭಾರ ಬಿದ್ದದ್ದು ಸೀಟಿನ ಮೇಲೆ ಕೂರಲಿಕ್ಕೆ ಆಗದ್ದರಿಂದ. ಕೂರಲಿಕ್ಕೆ ಆಗದ್ದು ನಮ್ಮ ಅಂಗಡಿಯ ಅಳತೆಯಿಂದ. ಇದನ್ನು ಹೇಳುವವರು ಬೇರೆ ಯಾರೂ ಇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಕಾಕು ರೊಟ್ಟಿಗೆ ಕೂತ ಹೊತ್ತಿಗೆ ವಸ್ತಿಗೆ ನಡೆದುಕೊಂಡು ಹೋದೆ. ಅವರು ನೋಡಿ ಆಶ್ಚರ್ಯಪಟ್ಟರು, ನಾನು ಯಾರ ಮನೆಗೂ ಹೋಗುವವಳಲ್ಲ.

"ಬಾರವಾ ಗುಲನಾಜಾ. ಕವರ ತಂದೀಯೇನ?"

"ಇಲ್ಲರಿ ಕಾಕು. ಒಂದು ಕೇಳಬೇಕಾಗಿತ್ತು."

"ಕೇಳು."

ನಾನು ಹಂಚನ್ನು ನೋಡುತ್ತ ನಿಂತೆ. ಒಂದು ರೊಟ್ಟಿ ಬೆಂದು ಕೆಳಗೆ ಇಳಿಯಿತು, ಇನ್ನೊಂದು ಹಂಚಿಗೆ ಹೋಯಿತು.

"ಕಾಕು, ಸೊಂಟ ಅಂದ್ರ ಎಲ್ಲಿ?"

ಅವರ ಕೈ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿಂಗೂ ಅಲ್ಲೇ ಏನ?"

"ಹೌದ್ರಿ. ಸಾಲಿಗೆ ಹೋಗಾಗ."

"ಅಲ್ಲೇ ನಂದೂ," ಎಂದರು. ಆಮೇಲೆ ಇದ್ದಕ್ಕಿದ್ದ ಹಾಗೆ ನಗತೊಡಗಿದರು. "ನಿಮ್ಮಪ್ಪ ಎಣ್ಣಿ ತಿಕ್ಕೋ ಅಂದಾನ ನೋಡು. ನಾ ಬೆನ್ನಿಗೆ ತಿಕ್ಕೊಂಡೇನಿ ತಿಂಗಳಗಟ್ಲೆ. ಪಾಪ, ಬೆನ್ನ ಏನ ತಪ್ಪು ಮಾಡಿತ್ತು?"

ನಾನು ನಗಲಿಲ್ಲ, ನನಗೆ ಹೇಳುವುದು ಇನ್ನೂ ಬಾಕಿ ಇತ್ತು. ಬೆರಳಿನ ವಿಷಯ ಹೇಳಿದೆ. ಅವರು ನಂಬಲಿಲ್ಲ. ಆಗ ನಾನು ಅವರ ಎರಡೂ ಕೈಯನ್ನು ಒಲೆಯ ಪಕ್ಕದ ಗೋಡೆಗೆ ಹಚ್ಚಿಸಿ, ಹ್ಯಾಂಡಲ್ ಹಿಡಿದ ಹಾಗೆ ಮೈಭಾರ ಹಾಕಿಸಿದೆ. ಅಂಗೈಯ ಹೊರ ಅಂಚು, ಕಿರುಬೆರಳಿನ ಬುಡ, ಅಲ್ಲಿಯೇ ಒತ್ತು ಬೀಳುತ್ತಿತ್ತು. ಅವರು ಕೈ ತೆಗೆದು ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನಿಮ್ಮಪ್ಪಗ ಯಾರ ಹೇಳವ್ರು ಇದನ್ನ?"

"ನಾ ಹೇಳ್ತೇನ್ರಿ," ಎಂದೆ.

ಅದೇ ದಿನ ಹೇಳಿದೆ, ತಡ ಮಾಡಿದರೆ ಹೇಳುವುದಿಲ್ಲ ಎಂದು ಗೊತ್ತಿತ್ತು. ಅಬ್ಬಾ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ, ತೂಗುಹಾಕಿದ ಟೈರುಗಳ ಹಿಂದೆ ನಿಂತೆ. ಮುಖ ಕಾಣದ ಹಾಗೆ.

"ಅಬ್ಬಾ, ಹೆಣ್ಣಮಕ್ಳು ಸೊಂಟ ಅಂದ್ರ ಸೊಂಟ ಅಲ್ಲ."

"ಮತ್ತೇನು?"

"ಸೀಟಿನ ಮೂಗು ಒತ್ತೋ ಜಾಗ. ಬಾಯಿಬಿಟ್ಟು ಹೇಳಾಕ ಬರಂಗಿಲ್ಲ ಅಂತ ಸೊಂಟ ಅಂತಾರ. ಸೀಟ ಇಳಿಸಿದಷ್ಟೂ ಅಲ್ಲಿ ಹೆಚ್ಚಿಗಿ ಆಕ್ಕೈತಿ. ಅದಕ್ಕ ಕೈಮ್ಯಾಲ ಭಾರ ಹಾಕ್ತಾರ. ಕಸ್ತೂರೆವ್ವ ಕಾಕುನ ಬೆರಳು ಅದಕ್ಕ ಜೋಮು ಹಿಡದಾವ."

ಅಬ್ಬಾ ಟ್ಯೂಬನ್ನು ನೀರಿನಿಂದ ಹೊರಗೆ ತೆಗೆಯಲಿಲ್ಲ. ಗುಳ್ಳೆ ಬರುತ್ತಿದ್ದವು. ಅವನ್ನೇ ನೋಡುತ್ತ ಹೇಳಿದರು:

"ನೀನೂ ಸೊಂಟ ಅಂದಿದ್ದಿ."

"ಹೌದು."

"ಎರಡು ಸಲ."

"ಹೌದು."

ಅವರು ಟ್ಯೂಬು ಒರೆಸಿ, ಪಂಕ್ಚರಿನ ಜಾಗವನ್ನು ಉಜ್ಜುಗಾಗದದಿಂದ ತಿಕ್ಕತೊಡಗಿದರು. ತಿಕ್ಕಬೇಕಾದದ್ದಕ್ಕಿಂತ ಹೆಚ್ಚು ತಿಕ್ಕಿದರು. ನಾನು ಒಳಗೆ ಹೋಗಿ ಹೊಲಿದೆ. ನನಗೆ ಹೆದರಿಕೆಯಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ, ಅಂಗಡಿಯಲ್ಲಿದ್ದ ನಾಲ್ಕು ಲೇಡೀಸ್ ಸೈಕಲ್ಲುಗಳ ಪೈಪಿನ ಮೇಲಿನ ಕೆಂಪು ಗೆರೆಯನ್ನು ಸೀಮೆಎಣ್ಣೆ ಹಾಕಿ ಒರೆಸಿದ್ದರು.

"ಕಸ್ತೂರೆವ್ವನ ಕರಿಸು. ಪಾನಾ ನೀನs ಹಿಡಿ. ಏನ ಮಾಡಬೇಕೋ ಮಾಡು, ಬಿಗಿ ಆಗಲಿಲ್ಲಂದ್ರ ನನ್ನ ಕರಿ," ಎಂದರು.

ಕಾಕು ಬಂದರು. ಅಂಗಡಿಯ ಹಿಂದಿನ ಅಂಗಳದಲ್ಲಿ ಅಮ್ಮಾ ಚಾದರ ಅಡ್ಡ ಹಿಡಿದು ನಿಂತರು, ಒಳಗೆ ನಾವಿಬ್ಬರೂ ಸೈಕಲ್ಲೂ. ಮೊದಲು ಕೂರುವ ಎಲುಬು ಎಲ್ಲಿ ಬರುತ್ತವೆ ಎಂದು ನೋಡಬೇಕಿತ್ತು. ನಾನು ತಿಳಿಯದೆ, ಹಿಟ್ಟು ಕಲಸುವ ಪರಾತದಲ್ಲಿ ಜೋಳದ ಹಿಟ್ಟು ಹರಡಿ ಮೇಲೆ ಪ್ಲಾಸ್ಟಿಕ್ ಹಾಕುತ್ತೇನೆ, ಕೂತು ಏಳಿರಿ, ಗುರುತು ಬೀಳುತ್ತದೆ ಎಂದೆ.

"ಹಿಟ್ಟಿನ ಮ್ಯಾಲ?" ಕಾಕು ಎರಡು ಹೆಜ್ಜೆ ಹಿಂದೆ ಸರಿದರು. "ಯಾವ ಹಿಟ್ಟು ಬಡಿದು ಉಣ್ಣಾಕತ್ತೇನೋ ಅದರ ಮ್ಯಾಲ ನನ್ನ..." ಆ ಶಬ್ದವನ್ನು ಅವರು ಪೂರ್ತಿ ಹೇಳಿದರು, ನಾನು ಬರೆಯುವುದಿಲ್ಲ. "...ಊರಾಕ ಹೇಳ್ತೀಯಲ್ಲ, ತಲಿ ನೆಟ್ಟಗೈತಿಲ್ಲೋ?"

ಚಾದರದ ಆಚೆ ಅಮ್ಮಾ ನಗುವುದು ಕೇಳಿಸಿತು. ನನ್ನ ತಪ್ಪೇ. ಮನೆಯ ಒಲೆಯಿಂದ ಬೂದಿ ತಂದು, ಸೋಸಿ, ರಸಗೊಬ್ಬರದ ಖಾಲಿ ಚೀಲದಲ್ಲಿ ತೆಳ್ಳಗೆ ಹರಡಿ ಕಲ್ಲಿನ ಮೇಲೆ ಇಟ್ಟೆ. ಕಾಕು ಕೂತು ಎದ್ದರು. ಎರಡು ತಗ್ಗು ಬಿದ್ದವು, ಆರು ಬೆರಳು ಅಂತರ. ನಾನು ಮೊದಲು ಹೊಲಿದಿದ್ದ ದಪ್ಪ ಕವರು ನಡುವೆಯೇ ಉಬ್ಬಿತ್ತು, ಒತ್ತಬಾರದ ಜಾಗದಲ್ಲಿ. ಅಂದರೆ ಮೆತ್ತಗೆ ಮಾಡಲು ಹೋಗಿ ನಾನೂ ಕೆಡಿಸಿದ್ದೆ. ಅದನ್ನು ಬಿಚ್ಚಿ, ಎರಡು ತಗ್ಗು ಬಿದ್ದ ಕಡೆ ಮಾತ್ರ ಕೌದಿಯ ಹಾಗೆ ಹಳೇ ಬಟ್ಟೆಯನ್ನು ಆರು ಪದರ ಇಟ್ಟು ಒತ್ತಾಗಿ ಹೊಲಿದೆ. ನಡುವೆ ಒಂದೇ ಪದರ ಬಿಟ್ಟೆ.

ಆಮೇಲೆ ಬಗಲಳತೆ. ಕಾಕು ಬೆರಳತುದಿಯನ್ನು ಅಚ್ಚಿಗೆ ಹಚ್ಚಿ ಕೈ ಚಾಚಿದರು. ಸೀಟು ಎಲ್ಲಿತ್ತೋ ಅಲ್ಲಿಂದ ಅವರ ಬಗಲಿಗೆ ನಾಲ್ಕು ಬೆರಳು ಹೆಚ್ಚು. ಮೂಗನ್ನು ಸಮ ಮಾಡಲಿಕ್ಕೆ ಅರ್ಧ ನೀರಿದ್ದ ಬಾಟಲಿಯನ್ನು ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದೆ. ನೀರು ಎರಡೂ ಕಡೆ ಸಮ ನಿಲ್ಲುವ ತನಕ ಬೋಲ್ಟು ಸಡಿಲಿಸಿ, ತಿರುಗಿಸಿ, ಬಿಗಿ ಮಾಡಿದೆ. ಕುಸಿದ ಸ್ಪ್ರಿಂಗನ್ನು ಅಬ್ಬಾ ಮೊದಲೇ ಬದಲಿಸಿ ಇಟ್ಟಿದ್ದರು.

ನಾಲ್ಕು ಬೆರಳನ್ನು ಒಂದೇ ಸಲ ಏರಿಸಲಿಲ್ಲ. ಮೊದಲು ಎರಡು. ಅಷ್ಟಕ್ಕೇ ಕಾಕು ಹತ್ತಿ, ಹೆದರಿ ಇಳಿದರು.

"ಪಾದ ನೆಲಕ್ಕ ಹತ್ತವಲ್ದು! ಮ್ಯಾಲ ರೊಟ್ಟಿ ಗಂಟು ಬ್ಯಾರೆ. ನನ್ನ ದವಾಖಾನಿಗೆ ಕಳಸೋ ವಿಚಾರ ಏನ ನಿಂದು?"

"ನಿಂತಾಗ ಸೀಟಿನ ಮ್ಯಾಲ ಕುಂಡ್ರಬಾರ್ದ್ರಿ ಕಾಕು. ನಿಲ್ಲೂಕಿಂತ ಮೊದಲ ಮುಂದ ಇಳೀಬೇಕು. ಒಂದು ಕಾಲು ಊರಿದ್ರ ಸಾಕು."

"ಹೇಳಾಕ ಚಂದ ಐತಿ."

ಹತ್ತಿ ಇಳಿಯುವುದನ್ನು ಅಂಗಳದಲ್ಲಿ ಇಪ್ಪತ್ತು ಸಲ ಮಾಡಿಸಿದೆ. ನಾನು ಹಿಂದೆ ಕ್ಯಾರಿಯರ್ ಹಿಡಿದಿದ್ದೆ. ಹ್ಯಾಂಡಲ್ಲಿಗೆ ತೂಗಿಬಿಡುತ್ತಿದ್ದ ಚೀಲವನ್ನು ತೆಗೆದು, ರೊಟ್ಟಿಯನ್ನು ಎರಡು ಗಂಟು ಮಾಡಿ ಹಿಂದಿನ ಗಾಲಿಯ ಎರಡೂ ಬದಿಗೆ ಕೆಳಗೆ ಬರುವ ಹಾಗೆ ಕಟ್ಟಿಸಿದೆ.

ಎರಡನೇ ದಿನ ಅವರು ಬಿದ್ದರು. ಇಂಡಿ ಹತ್ತಿರ ಒಂದು ನಾಯಿ ಅಡ್ಡ ಬಂದಿತು, ಹಳೆಯ ರೂಢಿಯಂತೆ ಕೂತಲ್ಲೇ ಎರಡೂ ಕಾಲು ಚಾಚಿದರು, ನೆಲ ಸಿಗಲಿಲ್ಲ. ಮೊಣಕೈ ತರಚಿತು. ಮೂವತ್ತು ರೊಟ್ಟಿ ಹುಡಿಯಾದವು. ಇದನ್ನು ಕೇಳಿ ಅಬ್ಬಾ ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲನೆಯವರು. ಸೀಟನ್ನು ಮತ್ತೆ ಇಳಿಸಿ ಎಂದು ಕಾಕು ಹೇಳಿದರೆ ಇಳಿಸುವುದೇ ಎಂದು ನಾನು ನಿರ್ಧರಿಸಿದ್ದೆ. ಅವರು ಮರುದಿನ ಬಂದು ಸೈಕಲ್ ನಿಲ್ಲಿಸಿದರು.

"ಇಳಸ್ಲೇನ್ರಿ?" ಎಂದು ಕೇಳಿದೆ.

"ಬ್ಯಾಡ. ಬಿದ್ರೂ ಕುಂತs ಬಿದ್ದೇನಿ. ಎಷ್ಟ ದಿನ ಆಗಿತ್ತು ಸೀಟಿನ ಮ್ಯಾಲ ಕುಂಡ್ರದ," ಎಂದರು.

ಹತ್ತು ದಿನಕ್ಕೆ ಉಳಿದ ಎರಡು ಬೆರಳನ್ನೂ ಏರಿಸಿದೆ. ಅವರು ಸೊಂಟ ಎನ್ನುತ್ತಿದ್ದ ನೋವು ಅಷ್ಟರಲ್ಲಿ ಹೋಗಿತ್ತು. ಮೊಣಕಾಲೂ ಹಗುರಾಯಿತು ಎಂದರು. ಆದರೆ ಬೆರಳು ಹಾಗೇ ಇದ್ದವು. ಭಾನುವಾರಕ್ಕೊಮ್ಮೆ ನಾನು ವಸ್ತಿಗೆ ಹೋಗಿ, ಅವರ ಕಣ್ಣು ಮುಚ್ಚಿಸಿ, ಹೊಲಿಯುವ ಸೂಜಿಯನ್ನು ಒಂದೊಂದು ಬೆರಳಿಗೆ ಮೆತ್ತಗೆ ಮುಟ್ಟಿಸಿ, ಯಾವ ಬೆರಳು ಎಂದು ಕೇಳುತ್ತಿದ್ದೆ. ಮೊದಲ ಮೂರು ಭಾನುವಾರ ಬಲಗೈಯ ಎರಡು ಬೆರಳಿಗೆ ಉತ್ತರ ಬರಲಿಲ್ಲ. ನಾಲ್ಕನೇ ವಾರ ಉಂಗುರದ ಬೆರಳು ಮುಟ್ಟಿದಾಗ ಕಾಕು "ಹ್ಞೂಂ" ಎಂದರು. ನಾನು ಇನ್ನೊಮ್ಮೆ ಮುಟ್ಟಿಸಿದೆ. "ಹ್ಞೂಂ ಅಂದ್ನೆಲ್ಲ," ಎಂದರು. ಎಡಗೈಯ ಎರಡೂ ಬೆರಳಿಗೆ ಅದರ ಹಿಂದಿನ ವಾರವೇ ಅರಿವು ಬಂದಿತ್ತು. ಬಲಗೈಯ ಕಿರುಬೆರಳು ಬರಲಿಲ್ಲ. ಹಂಚಿಗೆ ಸುಟ್ಟಿದ್ದು ಅದೇ ಬೆರಳು.

ಕಾರಹುಣ್ಣಿಮೆಯ ಮರುದಿನ ನಾನೂ ಅವರ ಜೊತೆ ಇಂಡಿಗೆ ಹೋದೆ, ನನ್ನ ಸೈಕಲ್ಲಿನ ಮೇಲೆ. ಆ ರಸ್ತೆಯಲ್ಲಿ ನಾನು ಸೈಕಲ್ ಹೊಡೆದು ಎರಡು ವರ್ಷವಾಗಿತ್ತು. ನನ್ನ ಸೀಟನ್ನೂ ಬಗಲಳತೆಗೆ ಏರಿಸಿಕೊಂಡಿದ್ದೆ. ಶಾಲೆಯ ಮುಂದಿನಿಂದ ಹಾದು ಹೋದೆವು, ಗೇಟು ತೆರೆದಿತ್ತು. ನನಗೆ ಎಲ್ಲಿಯೂ ನೋವು ಆಗಲಿಲ್ಲ. ಒಂಬತ್ತು ಕಿಲೋಮೀಟರ್ ಇಷ್ಟೇ ಏನು ಎನ್ನಿಸಿತು, ಬೇರೆ ಏನೂ ಅನ್ನಿಸಲಿಲ್ಲ.

ಸಂಗಮೇಶಣ್ಣ ಎರಡೂ ಗಂಟು ಬಿಚ್ಚಿ, ಒಂದೊಂದೇ ರೊಟ್ಟಿಯನ್ನು ಎತ್ತಿ, ಅಂಚಿನ ಮೇಲೆ ಬೆರಳು ಓಡಿಸಿ ಎರಡು ರಾಶಿ ಮಾಡಿದರು. ಈ ಸಲ ಚೇಷ್ಟೆ ಮಾಡಲಿಲ್ಲ. ಮುಗಿದಾಗ ರಾಶಿಗಳು ಹೆಚ್ಚು ಕಡಿಮೆ ಸಮ ಇದ್ದವು.

"ಇವು ಮೊದಲಿನಂಗs ಅದಾವ. ಇವು ಇಲ್ಲ," ಎಂದರು. "ಮಧ್ಯಾಹ್ನ ಕುಂತ ಕೂಡ್ಲೆ ಬಡದವು ಚಲೋ ಬಂದಾವ. ಕೈ ದಣದ ಮ್ಯಾಲ ಬಡದದ್ದು ಅಂಚು ಹಾಳ್. ಹೌದಲ್ಲೋ ಕಾಕು?"

"ಹೌದು," ಎಂದರು ಕಾಕು.

"ಅರ್ಧ ನೀವು ಕೊಡ್ರಿ. ಅರ್ಧ ಸಿಂದಗಿಯಾಂವಂದು ತರಸ್ತೇನಿ. ಬೆರಳು ಪೂರಾ ಆರಾಮ ಆದ ದಿನ ಹೇಳ್ರಿ, ಅವನ್ನ ಬಿಡ್ತೇನಿ."

"ಆಗ್ಲಿ," ಎಂದರು ಕಾಕು. ಧೋತರವನ್ನು ನಾಲ್ಕು ಮಡಿಕೆ ಮಾಡಿ ಕ್ಯಾರಿಯರಿಗೆ ಸಿಕ್ಕಿಸಿದರು. ಬರುವಾಗ ದಾರಿಯಲ್ಲಿ ನಾನು, ಬೇಸರವಾಯಿತೇನು ಎಂದು ಕೇಳಿದೆ.

"ಅರ್ಧ ಹೋತು ಅನ್ಲೋ, ಅರ್ಧ ಉಳೀತು ಅನ್ಲೋ, ತಿಳೀವಲ್ದವಾ," ಎಂದರು. "ಸದ್ಯ ಕುಂತೇನಿ. ಅಷ್ಟ ಗೊತ್ತಾಕ್ಕೈತಿ."

ಈಗ ಅವರು ದಿನಾ ಅರವತ್ತು ರೊಟ್ಟಿ ಒಯ್ಯುತ್ತಾರೆ, ದಣಿಯುವ ಮೊದಲು ಬಡಿದದ್ದು. ಅಬ್ಬಾ ಹೆಣ್ಣುಮಕ್ಕಳ ಸೈಕಲ್ ಬಂದರೆ ತಾವು ಮುಟ್ಟುವುದಿಲ್ಲ, "ಒಳಗ ಮಗಳ ಕೂಡ ಮಾತಾಡ್ರಿ" ಎನ್ನುತ್ತಾರೆ. ಇದುವರೆಗೆ ಆರು ಜನ ಬಂದಿದ್ದಾರೆ. ಆರು ಜನರೂ ಮೊದಲು ಸೊಂಟ ಎಂದೇ ಹೇಳಿದರು. ನಾನು ಚಾದರದ ಒಳಗೆ ಕರೆದುಕೊಂಡು ಹೋಗಿ, ಎಲ್ಲಿ ಎಂದು ಕೇಳುತ್ತೇನೆ. ಅಬ್ಬಾ ನನ್ನ ಶಾಲೆಯ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ.

ಕಾಕುನ ಕಿರುಬೆರಳಿಗೆ ಒತ್ತು ಇನ್ನೂ ಪೂರ್ತಿ ತಪ್ಪಿಲ್ಲ. ಅವರ ಸೈಕಲ್ಲಿನ ಹ್ಯಾಂಡಲ್ಲು ಸೀಟಿಗಿಂತ ಈಗ ತಗ್ಗಾಗಿದೆ, ಸೀಟು ಏರಿಸಿದ್ದರಿಂದ. ಅದನ್ನು ನಾನು ಮೊದಲು ಗಮನಿಸಿರಲಿಲ್ಲ. ನಾಳೆ ಬೆಳಿಗ್ಗೆ ಅವರು ಅಂಗಡಿ ಮುಂದೆ ಬಂದಾಗ ಹ್ಯಾಂಡಲ್ಲನ್ನು ಎರಡು ಬೆರಳು ಏರಿಸಿ, ಬೋಲ್ಟು ಬಿಗಿ ಮಾಡಿ ಕಳಿಸುತ್ತೇನೆ.